ತ್ರಿಭುಜದ ಮೂರನೆಯ ಕೋನ

ಪ್ರೌಢಶಾಲೆಯ ರೇಖಾಗಣಿತದಲ್ಲಿ ಅಜ್ಞಾತ ಕೋನವನ್ನು ಕಂಡುಹಿಡಿಯುವ ಅಭ್ಯಾಸವು ಬಹುಕಾಲದಿಂದ ರೂಢವಾಗಿದೆ. ತ್ರಿಭುಜದ ಎರಡು ಕೋನಗಳು 52 ಡಿಗ್ರಿ ಮತ್ತು 61 ಡಿಗ್ರಿ ಎಂದು ಕೊಟ್ಟರೆ, ವಿದ್ಯಾರ್ಥಿಯು ಅವುಗಳ ಮೊತ್ತವನ್ನು 180ರಿಂದ ಕಳೆದು 67 ಎಂದು ಬರೆಯುತ್ತಾನೆ. ಶಂಕರಪುರಂನ ಮನೆಪಾಠಗಳಲ್ಲಿಯೂ ದೂರದ ಹಳ್ಳಿಯ ಶಾಲೆಯಲ್ಲಿಯೂ ಕ್ರಮವೊಂದೇ. ಪ್ರಮೇಯವು ನಿರ್ದುಷ್ಟವಾದುದು, ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆಯನ್ನೆಳೆದು ಅದನ್ನು ಸಾಧಿಸುವ ರೀತಿಯೂ ಸೊಗಸಾದುದು. ನಮ್ಮ ಆಕ್ಷೇಪಣೆಯು ಪ್ರಮೇಯದ ಮೇಲಲ್ಲ, ಅದನ್ನು ಬರಿಯ ಕಳೆಯುವ ಲೆಕ್ಕಕ್ಕಿಳಿಸಿದ ಬೋಧನಕ್ರಮದ ಮೇಲೆ. ಇತಿಹಾಸದ ಅಧ್ಯಾಪಕರಾದ ನಾವು ಈ ಮಾತನ್ನೆತ್ತಲು ಕಾರಣವು ಬೆಂಗಳೂರಿನ ಚರಿತ್ರೆಯಲ್ಲಿಯೇ ಇದೆ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ದಕ್ಷಿಣ ದೇಶವನ್ನು ತ್ರಿಭುಜಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. ಕಂಪೆನಿಯ ಆಡಳಿತಕ್ಕೆ ಭೂಪಟಗಳು ಬೇಕಾಗಿದ್ದುವು. ಲ್ಯಾಂಬ್ಟನ್ನನಿಗೆ ಭೂಮಿಯ ಆಕಾರವನ್ನರಿಯುವ ಹಂಬಲವೂ ಇದ್ದಿತು. 1802ರಲ್ಲಿ ಮದರಾಸಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆಯಲಾಯಿತು. ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದ ಭುಜಗಳು ಗಣನೆಗೆ ದೊರೆಯುತ್ತವೆ. ಹೀಗೆ ತ್ರಿಭುಜದ ಪಕ್ಕಕ್ಕೆ ತ್ರಿಭುಜವು ಸೇರಿ, ಆ ಸಾಲು ಬೆಂಗಳೂರಿನವರೆಗೂ ಬಂದಿತು.

ಗಣನೆಗೆ ಎರಡು ಕೋನಗಳೇ ಸಾಕಾಗಿದ್ದರೂ, ಮುಖ್ಯ ತ್ರಿಭುಜಗಳಲ್ಲಿ ಲ್ಯಾಂಬ್ಟನ್ನನು ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಮೂರನೆಯ ಶೃಂಗಕ್ಕೂ ಹೊರಿಸಿ ಅಲ್ಲಿಯ ಕೋನವನ್ನೂ ಅಳೆಯಿಸಿದನು. ಇದು ವ್ಯರ್ಥಶ್ರಮವೆ? ಅಲ್ಲ. 52 ಡಿಗ್ರಿಯ ಕೋನವನ್ನು ತಪ್ಪಾಗಿ 53 ಎಂದು ಓದಿದವನಿಗೆ, ಕಳೆದು ಪಡೆದ ಮೂರನೆಯ ಕೋನವು 66 ಆಗುತ್ತದೆ. ಮೊತ್ತ ಮಾತ್ರ ಆಗಲೂ 180. ತಪ್ಪು ಅಡಗಿಯೇ ಉಳಿಯುತ್ತದೆ. ಮೂರನೆಯದನ್ನೂ ಅಳೆದವನಿಗೆ ಮೊತ್ತವು 181 ಎಂದು ಬಂದು ಎಚ್ಚರಿಸುತ್ತದೆ. ಇದಲ್ಲದೆ, ಗೋಳಾಕಾರದ ಭೂಮಿಯ ಮೇಲಿನ ದೊಡ್ಡ ತ್ರಿಭುಜಗಳಲ್ಲಿ, ಸುಮಾರು 75 ಚದರ ಮೈಲಿ ವಿಸ್ತೀರ್ಣಕ್ಕೆ ಒಂದು ಸೆಕೆಂಡಿನಂತೆ ಮೊತ್ತವು 180 ಡಿಗ್ರಿಯನ್ನು ಮೀರುತ್ತದೆ. ಲ್ಯಾಂಬ್ಟನ್ನನು ತನ್ನ ಕೋಷ್ಟಕಗಳಲ್ಲಿ ಅಳೆದ ಕೋನ, ಗೋಲೀಯ ಆಧಿಕ್ಯ, ದೋಷ ಇವುಗಳನ್ನು ಬೇರೆಬೇರೆಯಾಗಿ ಕಾಣಿಸಿದ್ದಾನೆ, ದೋಷವನ್ನು ಮುಚ್ಚಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ನೆಲದ ಮೇಲೆಯೇ ಅಳೆದಾಗ, ಮದರಾಸಿನಿಂದ ಗಣಿಸಿ ತಂದ ಉದ್ದಕ್ಕೂ ಅದಕ್ಕೂ ಕಂಡ ವ್ಯತ್ಯಾಸವು ಸುಮಾರು ನಾಲ್ಕು ಅಂಗುಲ ಮಾತ್ರ.

ಇದರಿಂದ ವ್ಯಕ್ತವಾಗುವುದೇನೆಂದರೆ, ಮೂರನೆಯ ಕೋನವು ಬರಿಯ ಉತ್ತರವಲ್ಲ, ಸಾಕ್ಷಿ. ಶಾಸನವೊಂದರ ಕಾಲವನ್ನು ನಿರ್ಣಯಿಸುವಾಗ ನಾವು ಎರಡು ಆಧಾರಗಳಿಂದ ಊಹಿಸಿದ್ದನ್ನೇ ಮೂರನೆಯ ಆಧಾರವೆಂದು ಕರೆದರೆ ವಿದ್ವಾಂಸರು ಒಪ್ಪುವರೆ? ಪಠ್ಯಪುಸ್ತಕವು ಮೂರನೆಯ ಕೋನವನ್ನು ಕಳೆಯಿಸುವುದರೊಡನೆ, ಆಟದ ಬಯಲಿನಲ್ಲಿ ಮೂರು ಗೂಟಗಳನ್ನು ನೆಡಿಸಿ, ಮೂರು ಕೋನಗಳನ್ನೂ ಅಳೆಯಿಸಿ, ಮೊತ್ತದ ಕೊರತೆಯನ್ನೋ ಹೆಚ್ಚಳವನ್ನೋ ತಿದ್ದದೆ ಬರೆಯಿಸಲಿ. ಪ್ರಮೇಯದ ನಿಶ್ಚಯವೂ ಅಳತೆಯ ಅನಿಶ್ಚಯವೂ ಬೇರೆಬೇರೆ ಎಂಬ ವಿವೇಕವು ಆಗ ವಿದ್ಯಾರ್ಥಿಗೆ ದೊರಕುವುದು. ಮುಂದೆ ಆತನು ಯಾವ ಶಾಸ್ತ್ರವನ್ನು ಹಿಡಿದರೂ ಈ ವಿವೇಕವು ಬೇಕಾಗುತ್ತದೆ.