ಅನುವಾದ ಕಡತಗಳೂ ಪಾಠಪರಿಷ್ಕರಣವೂ

ಗ್ರಂಥಸೂಚಿ, ದಾಖಲೆಪಟ್ಟಿ, ಅಂಕಿಅಂಶಗಳ ಕೋಷ್ಟಕ ಮೊದಲಾದವನ್ನು ನಿರ್ವಹಿಸುವ ತಂತ್ರಾಂಶಗಳು ಇಂದು ಇತಿಹಾಸದ ವಿದ್ಯಾರ್ಥಿಗೂ ನಿತ್ಯದ ಉಪಕರಣಗಳಾಗಿವೆ. ಇವು ಕನ್ನಡದಲ್ಲಿ ಮಾತನಾಡಬೇಕಾದರೆ ಆ ಮಾತುಗಳನ್ನು ಒಂದೆಡೆ ಬರೆದಿಟ್ಟು ಕಾಪಾಡುವವರು ಬೇಕು. ಈ ಕಾರ್ಯವನ್ನು ಯಂತ್ರಜ್ಞರಿಗೆ ಮಾತ್ರ ಬಿಟ್ಟುಬಿಡುವುದು ಯುಕ್ತವಲ್ಲ. ಇದು ಮೂಲತಃ ಪಾಠಪರಿಷ್ಕರಣದ ಕಾರ್ಯವೆಂಬುದೇ ನಮ್ಮ ವಾದ.

1995ರಲ್ಲಿ ಹೊರಬಂದ ಗ್ನೂ ಗೆಟ್‌ಟೆಕ್ಸ್ಟ್ ಈ ಬಗೆಯ ವ್ಯವಸ್ಥೆಗಳಲ್ಲಿ ಪ್ರಸಿದ್ಧವಾದುದು. ತಂತ್ರಾಂಶದ ಸಂದೇಶಗಳನ್ನೆಲ್ಲ ಆಯ್ದು ತೆಗೆದು ಪಿಒ ಎಂಬ ಕಡತದಲ್ಲಿ ಜೋಡಿಸುವುದು ಇದರ ಕ್ರಮ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವ ಮೂಲವಾಕ್ಯ ಮೇಲೆ, ಅನುವಾದ ಅದರ ಕೆಳಗೆ. 2000ದ ಜನವರಿಯಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾದಲ್ಲಿ ಮೊದಲು ಬಳಕೆಗೆ ಬಂದ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದ ಅನುವಾದಗಳೂ ಇಂಥ ಕಡತಗಳಲ್ಲಿಯೇ ಇರುತ್ತವೆ. ಈ ಪದ್ಧತಿಯ ಗುಣವನ್ನು ಒಪ್ಪಲೇಬೇಕು. ತಂತ್ರಾಂಶದ ರಚನೆಯನ್ನರಿಯದ ಭಾಷಾಜ್ಞನೂ ಇಲ್ಲಿ ಕೆಲಸಮಾಡಬಲ್ಲನು.

ಆದರೆ ಮೊದಲ ತೊಡಕು ಈ ಗುಣದಲ್ಲಿಯೇ ಅಡಗಿದೆ. ಆಯ್ದು ತೆಗೆದ ಮಾತು ತನ್ನ ಸಂದರ್ಭವನ್ನು ಕಳೆದುಕೊಂಡಿರುತ್ತದೆ. 'ರೆಕಾರ್ಡ್' ಎಂಬ ಒಂಟಿ ಪದ ನಾಮಪದವೋ ಕ್ರಿಯಾಪದವೋ? 'ದಾಖಲೆ' ಎನ್ನಬೇಕೋ 'ದಾಖಲಿಸು' ಎನ್ನಬೇಕೋ? 'ಕ್ಯಾನ್ಸಲ್', 'ಡಿಲೀಟ್' ಎಂಬೆರಡಕ್ಕೂ 'ರದ್ದುಮಾಡು' ಎಂದು ಬರೆದರೆ ಅನುವಾದಕನಿಗೆ ದೋಷ ಕಾಣದು. ಆದರೆ ಕೈಗೊಂಡ ಕಾರ್ಯವನ್ನು ಕೈಬಿಡಲೆಳಸಿದ ಗುಮಾಸ್ತನು ದಾಖಲೆಯನ್ನೇ ಅಳಿಸಿಬಿಟ್ಟಾನು. ಪಿಒ ಕಡತದಲ್ಲಿ ಸಂದರ್ಭವನ್ನು ಸೂಚಿಸಲು ಪ್ರತ್ಯೇಕ ಸ್ಥಾನವುಂಟು, ಟಿಪ್ಪಣಿಗೂ ಎಡೆಯುಂಟು. ಅವನ್ನು ತುಂಬದೆ ಬಿಟ್ಟರೆ ತಪ್ಪು ಪದ್ಧತಿಯದಲ್ಲ, ನಿರ್ವಾಹಕರದು.

ಎರಡನೆಯ ತೊಡಕು ಭಾಷೆಯ ಸ್ವಭಾವಕ್ಕೆ ಸಂಬಂಧಿಸಿದುದು. ಇಂಗ್ಲಿಷಿನ ವಾಕ್ಯದಲ್ಲಿ ಊರಿನ ಹೆಸರಿಗಾಗಿ ಒಂದು ತೆರಪನ್ನು ಬಿಟ್ಟು ಅದರ ಹಿಂದೆ 'ಇನ್' ಎಂದು ಬರೆದರೆ ಸಾಕು. ಕನ್ನಡದಲ್ಲಿ ವಿಭಕ್ತಿಯು ಹೆಸರಿಗೇ ಅಂಟಿಕೊಳ್ಳುತ್ತದೆ: ಮೈಸೂರಿನಲ್ಲಿ, ಧಾರವಾಡದಲ್ಲಿ, ಬಳ್ಳಾರಿಯಲ್ಲಿ. ತೆರಪಿನ ಮುಂದೆ 'ನಲ್ಲಿ' ಎಂದು ಬರೆದಿಟ್ಟರೆ 'ಧಾರವಾಡನಲ್ಲಿ' ಎಂಬ ಅಪಶಬ್ದ ಹುಟ್ಟುತ್ತದೆ. ವಾಕ್ಯವನ್ನೇ ಮಾರ್ಪಡಿಸಿ 'ಸ್ಥಳ: ಧಾರವಾಡ' ಎಂಬಂತೆ ಬರೆಯುವುದು ಲೇಸು. ಆದರೆ ತೆರಪಿನಲ್ಲಿ ಬಂದು ಕೂರುವುದು ಊರಿನ ಹೆಸರೆಂದು ತಿಳಿಯದ ಅನುವಾದಕನು ಇದನ್ನು ಹೇಗೆ ಮಾಡಿಯಾನು?

ಮೂರನೆಯದು ಕಾಲಾಂತರದ ತೊಡಕು. ತಂತ್ರಾಂಶ ಪರಿಷ್ಕೃತವಾದಾಗ ಮೂಲವಾಕ್ಯದಲ್ಲಿ ಅಲ್ಪವಿರಾಮವೊಂದು ಬದಲಾದರೂ ಹಳೆಯ ಅನುವಾದ ಅದಕ್ಕೆ ನೇರವಾಗಿ ಹೊಂದದು. ಹೊಸ ಪ್ರತಿಯೊಡನೆ ಕಡತವನ್ನು ಕೂಡಿಸುವ ಸಾಧನವು ಹತ್ತಿರದ ಹೋಲಿಕೆಯನ್ನು ಹುಡುಕಿ, ಹಳೆಯ ಅನುವಾದವನ್ನು ಅಲ್ಲಿ ಇರಿಸಿ, 'ಫಜಿ', ಎಂದರೆ ಸಂದಿಗ್ಧ, ಎಂಬ ಗುರುತನ್ನು ಹಚ್ಚುತ್ತದೆ. ಬಳಕೆಗೆ ಸಿದ್ಧವಾಗುವ ಯಂತ್ರರೂಪದಲ್ಲಿ ಇಂಥವನ್ನು ಸಾಮಾನ್ಯವಾಗಿ ಕೈಬಿಡಲಾಗುವುದರಿಂದ ನಿನ್ನೆ ಕನ್ನಡವಿದ್ದೆಡೆ ಇಂದು ಇಂಗ್ಲಿಷ್ ಮರಳಿ ಬರುತ್ತದೆ. ಬೇಸತ್ತ ನಿರ್ವಾಹಕನು ಪರಿಶೀಲಿಸದೆ ಗುರುತುಗಳನ್ನೆಲ್ಲ ಅಳಿಸಿದರೆ ಇನ್ನೂ ಕೇಡು; ಆಗ ಊಹೆಯೇ ಪಾಠವೆನಿಸಿಬಿಡುತ್ತದೆ. ಓಲೆಗರಿಯ ಪ್ರತಿಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಪ್ರತಿಕಾರನು ಸಂದೇಹಪಟ್ಟ ಅಕ್ಷರವನ್ನು ಮುಂದಿನವನು ನಿಸ್ಸಂದೇಹವಾಗಿ ನಕಲುಮಾಡಿದರೆ ಆಗುವ ಅನರ್ಥವೇ ಇಲ್ಲಿಯೂ ಆಗುತ್ತದೆ.

ಆದಕಾರಣ ನೂರಕ್ಕೆ ಇಷ್ಟು ಅನುವಾದವಾಗಿದೆಯೆಂಬ ಲೆಕ್ಕವನ್ನೇ ಕಡತದ ಯೋಗ್ಯತೆಯ ಅಳತೆಗೋಲೆಂದು ನಾವು ಒಪ್ಪಲಾರೆವು. ಆ ಲೆಕ್ಕವು ತುಂಬಿದ ಸಾಲುಗಳನ್ನು ಎಣಿಸುತ್ತದೆ, ಸರಿಯಾದ ಸಾಲುಗಳನ್ನಲ್ಲ. ಪಾರಿಭಾಷಿಕ ಪದಗಳ ಒಂದು ಸಮ್ಮತ ಪಟ್ಟಿ, ಸಂದರ್ಭಸೂಚನೆ, ಸಂದಿಗ್ಧ ಪಾಠಗಳ ಪುನಃಪರಿಶೀಲನೆ, ತೆರೆಯ ಮೇಲೆ ಮೂಡಿದ ವಾಕ್ಯವನ್ನು ಒಮ್ಮೆಯಾದರೂ ಓದಿನೋಡುವ ನಿಯಮ, ಇವು ನಾಲ್ಕೂ ಅವಶ್ಯ. ಪಿಒ ಕಡತದ ಶಿರೋಭಾಗದಲ್ಲಿ ಕೊನೆಯ ಅನುವಾದಕನ ಹೆಸರಿಗೂ ಪರಿಷ್ಕರಣದ ದಿನಾಂಕಕ್ಕೂ ಸ್ಥಳವಿದೆ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಕಾಲವನ್ನೂ ಬರೆದಿಟ್ಟಿದ್ದರೆ ಸಂಶೋಧಕನು ಎಷ್ಟು ಋಣಿಯಾಗುವನೆಂಬುದನ್ನು ನಾವು ಬಲ್ಲೆವು. ಆ ಎರಡು ಸಾಲುಗಳನ್ನು ಬರಿದಾಗಿ ಬಿಡದಿರುವುದು ಮುಂದಿನವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಕರ್ತವ್ಯ.