ಆಜ್ಞೆ ಒಬ್ಬರದು, ಗುಂಡು ಇನ್ನೊಬ್ಬರದು
(‘ಬ್ರೇಕರ್ ಮೊರಾಂಟ್’ ಚಲನಚಿತ್ರದ ವಿಮರ್ಶೆ)

ಬ್ರೂಸ್ ಬೆರೆಸ್‌ಫರ್ಡ್ ನಿರ್ದೇಶಿಸಿದ ‘ಬ್ರೇಕರ್ ಮೊರಾಂಟ್’ 1980ರಲ್ಲಿ ತೆರೆಕಂಡ ಆಸ್ಟ್ರೇಲಿಯಾದ ಚಲನಚಿತ್ರ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಕಾಲದಲ್ಲಿ, 1902ರಲ್ಲಿ, ನಡೆದ ಸೇನಾ ನ್ಯಾಯಾಲಯದ ವಿಚಾರಣೆಯೇ ಇದರ ವಸ್ತು. ಬ್ರಿಟಿಷರ ಪರವಾಗಿ ಹೋರಾಡುತ್ತಿದ್ದ ಮೊರಾಂಟ್, ಹ್ಯಾಂಡ್‌ಕಾಕ್, ವಿಟನ್ ಎಂಬ ಮೂವರು ಲೆಫ್ಟಿನೆಂಟರು ಬೋಯರ್ ಸೆರೆಯಾಳುಗಳನ್ನು ಗುಂಡಿಕ್ಕಿ ಕೊಂದರೆಂಬುದು ಆರೋಪ. ಮೊದಲಿಬ್ಬರ ಮೇಲೆ ಜರ್ಮನ್ ಪಾದ್ರಿಯೊಬ್ಬನ ಕೊಲೆಯ ಆಪಾದನೆಯೂ ಉಂಟು.

ಸೆರೆಯಾಳುಗಳನ್ನು ಕೊಂದುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆರೋಪಿಗಳ ಪರ ನಿಂತ ಮೇಜರ್ ಥಾಮಸ್ ಸಣ್ಣ ಊರೊಂದರ ವಕೀಲ. ಸೆರೆ ಹಿಡಿಯಬೇಡಿ, ಕೊಲ್ಲಿ ಎಂಬ ಬಾಯಿಮಾತಿನ ಆಜ್ಞೆ ಮೇಲಿನಿಂದಲೇ ಬಂದಿತ್ತು. ಆಜ್ಞೆಯಿತ್ತವರೇ ಈಗ ಅದನ್ನು ಕೊಲೆಯೆಂದು ಕರೆಯುವುದು ನ್ಯಾಯವೇ ಎಂಬುದು ಅವನ ವಾದ. ಜ್ಯಾಕ್ ಥಾಮ್ಸನ್ ಅವರ ಅಭಿನಯದಲ್ಲಿ ಈ ವಾದ ಪ್ರೇಕ್ಷಕನನ್ನು ಪೂರ್ತಿಯಾಗಿ ಒಲಿಸಿಕೊಳ್ಳುತ್ತದೆ.

ತಾಳಮದ್ದಳೆಯನ್ನು ಕೇಳಿ ಬೆಳೆದ ನಮಗೆ ಇಲ್ಲಿ ಎಚ್ಚರ ಸಹಜವಾಗಿಯೇ ಬರಬೇಕು. ಸಮರ್ಥ ಅರ್ಥಧಾರಿಯ ಬಾಯಲ್ಲಿ ದುರ್ಯೋಧನನ ಪಕ್ಷವೂ ಗೆಲ್ಲುವುದುಂಟು. ಆದರೆ ಧರ್ಮದ ತೀರ್ಮಾನ ಬೇರೆಯೇ ಉಳಿಯುತ್ತದೆ. ಮೊರಾಂಟ್ ಕೊಂದದ್ದು ಬರಿಯ ಆಜ್ಞಾಪಾಲನೆಗಾಗಿಯೇ? ತನ್ನ ಮಿತ್ರ ಕ್ಯಾಪ್ಟನ್ ಹಂಟ್ ಹತನಾದ ಬಳಿಕವೇ ಅವನು ಆ ಆಜ್ಞೆಯನ್ನು ಕೈಗೆತ್ತಿಕೊಂಡನೆಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಪಾದ್ರಿಯ ಕೊಲೆಯಲ್ಲಂತೂ ನ್ಯಾಯಾಲಯ ಇಬ್ಬರನ್ನೂ ನಿರ್ದೋಷಿಗಳೆನ್ನುತ್ತದೆ. ಆದರೆ ಕೊಂದವನು ತಾನೇ ಎಂದು ಹ್ಯಾಂಡ್‌ಕಾಕ್ ಖಾಸಗಿಯಾಗಿ ಹೇಳಿಬಿಡುತ್ತಾನೆ. ಚಿತ್ರದ ಸತ್ಯನಿಷ್ಠೆ ಮೆರೆಯುವ ಸ್ಥಳ ಇದು.

ಕೊರತೆಯೂ ಇಲ್ಲದಿಲ್ಲ. ಸತ್ತ ಬೋಯರರಿಗೆ ಇಲ್ಲಿ ಮುಖವಿದೆ, ಮಾತಿಲ್ಲ. ಅವರ ಮನೆಮಂದಿಯನ್ನು ನಾವು ಕಾಣುವುದೇ ಇಲ್ಲ. ಮರಣದಂಡನೆಗೆ ನಡೆಯುವ ಮೊರಾಂಟ್, ಹ್ಯಾಂಡ್‌ಕಾಕರು ಕೈಕೈ ಹಿಡಿದು ಸಾಗುವಾಗ ನಮ್ಮ ಕಣ್ಣು ತೇವವಾಗುತ್ತದೆ. ಸೆರೆಯಾಳುಗಳಿಗೂ ಅಂಥದೇ ಒಂದು ಮುಂಜಾವು ಇದ್ದಿತೆಂಬುದು ಮರೆತುಹೋಗುತ್ತದೆ.

1902ರ ಫೆಬ್ರವರಿ 27ರಂದು ಪ್ರಿಟೋರಿಯಾದಲ್ಲಿ ಅವರಿಬ್ಬರಿಗೂ ಗುಂಡಿಕ್ಕಲಾಯಿತು. ವಿಟನನ ಶಿಕ್ಷೆ ಜೀವಾವಧಿಗೆ ಇಳಿಯಿತು. ಸೇನೆಯ ಅತ್ಯುನ್ನತ ಅಧಿಕಾರಿಗಳನ್ನು ಯಾರೂ ಆರೋಪಿಗಳಾಗಿ ಕಟಕಟೆಗೆ ಕರೆಯಲಿಲ್ಲ. ಅದು ಅನ್ಯಾಯವೇ ಸರಿ. ಆದರೆ ಹೊಣೆಯೆಂಬುದು ಪಿತ್ರಾರ್ಜಿತ ಆಸ್ತಿಯಲ್ಲ, ಪಾಲುದಾರರು ಹೆಚ್ಚಿದಷ್ಟೂ ಪಾಲು ಕಿರಿದಾಗಲು. ಆಜ್ಞೆಯಿತ್ತವನ ಮೇಲೂ ಅದು ಇಡಿಯಾಗಿಯೇ ಇರುತ್ತದೆ, ಗುಂಡು ಹಾರಿಸಿದವನ ಮೇಲೂ ಇಡಿಯಾಗಿಯೇ ಇರುತ್ತದೆ. ಈ ಚಿತ್ರವನ್ನು ಮಕ್ಕಳೊಡನೆ ಕುಳಿತು ನೋಡುವ ಹಿರಿಯರು, ಥಾಮಸನ ವಾದ ಮುಗಿದ ಮೇಲೆ ಈ ಮಾತನ್ನೂ ಚರ್ಚೆಗೆ ಎತ್ತಿಕೊಳ್ಳಲಿ.