ಬಯಲಿನ ಕೊಲೆ, ಮರೆಯ ಒಲವು

ಉದಗೀರ ಮತ್ತು ನಿಲಂಗಾ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಗಡಿ ಸರಿದ ಮೇಲೂ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಮನೆಗಳಲ್ಲಿ ಕಲ್ಯಾಣದ ಶರಣರ ಕಥೆಗಳು ಉಳಿದುಕೊಂಡವು. ಅವುಗಳ ಪಕ್ಕದಲ್ಲಿ ಮರಾಠಿ ಶಾಲೆ, ಮರಾಠಿ ಸಿನಿಮಾ ಬಂದು ಕುಳಿತವು. ಎರಡು ಭಾಷೆಗಳ ಕಥನಗಳನ್ನು ಒಟ್ಟಿಗೆ ಉಂಡು ಬೆಳೆದ ಇಲ್ಲಿನ ಪ್ರೇಕ್ಷಕರ ಅಭಿರುಚಿಯಲ್ಲಿ ಒಂದು ವಿಚಿತ್ರವಿದೆ. ಮನೆಮಂದಿಯೆಲ್ಲ ಕೂಡಿ ಸಿನಿಮಾ ನೋಡುವಾಗ ಕೊಲೆಯ ದೃಶ್ಯಕ್ಕೆ ಯಾರೂ ಎದ್ದು ಹೋಗುವುದಿಲ್ಲ; ಚುಂಬನದ ದೃಶ್ಯ ಬಂದೊಡನೆ ಕೈ ರಿಮೋಟಿನತ್ತ ಹೋಗುತ್ತದೆ. ನಾಡಿನೆಲ್ಲೆಡೆ ಕಾಣುವ ಈ ನಡೆಯನ್ನು ಸಂಕೋಚವೆಂದು ಕರೆದು ಸುಮ್ಮನಾಗುವುದು ರೂಢಿ. ಆದರೆ ಆ ಸಂಕೋಚದ ಒಳಗೆ, ಯಾವ ಮೈ ಯಾವ ಮೈಯನ್ನು ಸೇರಬಹುದು ಎಂಬ ಹಳೆಯ ಕಾವಲೊಂದು ಎಚ್ಚರವಾಗಿಯೇ ಕುಳಿತಿದೆ.

ಉಮರ್ಗಾಕ್ಕೆ ನೆರೆಯದಾದ ಬಸವಕಲ್ಯಾಣದ ಕಥನಪರಂಪರೆಯನ್ನೇ ನೋಡಬಹುದು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮವನ್ನು ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಹಿರಿಯರು ಮಕ್ಕಳಿಗೆ ಅಳುಕಿಲ್ಲದೆ ಹೇಳುತ್ತಾರೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಕೊಟ್ಟ ಕಾರಣಕ್ಕೆ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾದುದು ಪ್ರವಚನಗಳಲ್ಲಿ ಸವಿವರವಾಗಿ ಬರುತ್ತದೆ. ತಂದೆಯರ ಹೆಸರು ಎಲ್ಲರ ನಾಲಗೆಯ ಮೇಲಿದೆ. ಮದುಮಕ್ಕಳಾದ ಶೀಲವಂತ, ಲಾವಣ್ಯರ ಹೆಸರು ಬಲ್ಲವರು ಕಡಿಮೆ. ಅವರ ಮನಸ್ಸು ಏನು ಬಯಸಿತ್ತೆಂಬುದಕ್ಕೆ ಕಥನದಲ್ಲಿ ಎಡೆಯೇ ಇಲ್ಲ. ಅಕ್ಕಮಹಾದೇವಿಯ ಪಟದಲ್ಲಿಯೂ ಹೀಗೆಯೇ ಆಗಿದೆ. ಉಡುಗೆ ತೊರೆದವಳ ಮೈಯನ್ನು ಚಿತ್ರಕಾರರು ಕೂದಲಿನಿಂದ ಮುಚ್ಚುತ್ತಾರೆ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಆ ಮರೆಯನ್ನೇ ಪ್ರಶ್ನಿಸುತ್ತಾನೆ; ಪಟವು ಪ್ರಶ್ನೆಯನ್ನು ಬಿಟ್ಟು ಮರೆಯನ್ನು ಉಳಿಸಿಕೊಂಡಿತು.

ಇದು ನಮ್ಮ ಸಂಸ್ಕೃತಿಯ ಸಹಜ ಲಜ್ಜೆಯೆಂಬ ವಾದವನ್ನು ಉತ್ತರ ಕರ್ನಾಟಕದ ಜೋಕುಮಾರನ ಹುಣ್ಣಿಮೆ ಒಪ್ಪುವುದಿಲ್ಲ. ತುಟಿಗೆ ಬೆಣ್ಣೆ ಹಚ್ಚಿದ, ಪುರುಷಾಂಗ ಎದ್ದು ಕಾಣುವ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು ಹೆಂಗಸರು ಮನೆಮನೆಗೆ ಹೋಗುತ್ತಾರೆ, ಅವನ ಪೋಲಿತನವನ್ನು ಬಾಯಿ ತುಂಬ ಹಾಡುತ್ತಾರೆ. ಕೇಳುವವರಿಗೆ ಅದು ಮಳೆಬೆಳೆಯ ಹಾಡು. ಅಶ್ಲೀಲವೆಂಬ ಮಾತು ಅಲ್ಲಿ ಹುಟ್ಟುವುದೇ ಇಲ್ಲ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗಕ್ಕೇರಿದಾಗ ಇದೇ ಆಚರಣೆ ಭೂಮಿಯ ಹಕ್ಕಿನ ಪ್ರಶ್ನೆಯೂ ಆಯಿತು. ಗೌಡ್ತಿಯ ಬಯಕೆಯನ್ನು ಮರೆಮಾಚದ ಆ ನಾಟಕ, ಬಸಣ್ಣನ ಕೊಲೆಯ ಹಿಂದಿರುವ ಗೌಡಿಕೆಯನ್ನೂ ಬಯಲಿಗೆಳೆಯುತ್ತದೆ. ಜನಪದಕ್ಕೆ ಕಾಮವನ್ನು ನುಡಿಯುವ ಭಾಷೆ ಇತ್ತು. ಅದನ್ನು ಕಳೆದುಕೊಂಡವರು ಓದುಬರಹ ಕಲಿತ ಮೇಲಿನವರು.

ಸಿನಿಮಾದ ಪ್ರಮಾಣಪತ್ರದಲ್ಲಿಯೂ ಈ ನಷ್ಟದ ಗುರುತಿದೆ. 1969ರಲ್ಲಿ ಖೋಸ್ಲಾ ಸಮಿತಿಯು ಕಥೆಗೆ ಅಗತ್ಯವಿದ್ದಲ್ಲಿ ಚುಂಬನಕ್ಕೂ ನಗ್ನತೆಗೂ ಅವಕಾಶವಿರಲೆಂದಿತು. 1970ರ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆನ್ಸಾರನ್ನು ಎತ್ತಿಹಿಡಿಯಿತಾದರೂ ಲೈಂಗಿಕತೆ ಮತ್ತು ಅಶ್ಲೀಲತೆ ಒಂದೇ ಅಲ್ಲವೆಂದು ಹೇಳಿತು. ಅರ್ಧ ಶತಮಾನ ಕಳೆದರೂ ತಕ್ಕಡಿ ಬಾಗಿಯೇ ಇದೆ. 2017ರಲ್ಲಿ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಹಿಂದಿ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸಿದ ಮಂಡಳಿ, ಅದು ಹೆಣ್ಣಿನ ಸುತ್ತಲಿನ ಕಥೆಯೆಂಬುದನ್ನೂ ಕಾರಣಗಳಲ್ಲಿ ಸೇರಿಸಿತ್ತು. ಮೇಲ್ಮನವಿಯ ನಂತರವಷ್ಟೇ ವಯಸ್ಕರಿಗೆಂದು ಅದು ತೆರೆ ಕಂಡಿತು. ಪೊಲೀಸ್ ಠಾಣೆಯನ್ನೇ ಮೆಷಿನ್‌ಗನ್ನಿನಿಂದ ಚಿಂದಿ ಮಾಡುವ ‘ಕೆ.ಜಿ.ಎಫ್. ಚಾಪ್ಟರ್ 2’ 2022ರಲ್ಲಿ ಯು/ಎ ಪಡೆಯಿತು. ಎಂದರೆ ಆಗಿನ ನಿಯಮದಂತೆ ಹೆತ್ತವರ ಮಾರ್ಗದರ್ಶನದಲ್ಲಿ 12 ವರ್ಷದೊಳಗಿನ ಮಕ್ಕಳೂ ನೋಡಬಹುದಿತ್ತು.

ಈ ರೂಢಿಯನ್ನು ತಲೆಕೆಳಗು ಮಾಡಿದ್ದು ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ (2016). ಪಾಟೀಲರ ಮನೆಯ ಆರ್ಚಿ, ಮೀನುಗಾರ ಕುಟುಂಬದ ಪರಶ್ಯಾ ಇವರ ಒಲವನ್ನು ಅದು ಬಯಲಿನಲ್ಲಿ, ಹಾಡು ಕುಣಿತಗಳ ನಡುವೆ, ಬಿಡುವಾಗಿ ತೋರಿಸುತ್ತದೆ. ನೋಡುವ, ಕರೆಯುವ ಧೈರ್ಯವನ್ನು ಹುಡುಗಿಗೇ ಕೊಡುತ್ತದೆ. ಕೊಲೆಯನ್ನು ಮಾತ್ರ ಕಣ್ಣಿಗೆ ಬೀಳಗೊಡುವುದಿಲ್ಲ. ಸದ್ದಡಗಿದ ಮನೆಯಿಂದ ಮಗುವಿನ ನೆತ್ತರು ಮೆತ್ತಿದ ಹೆಜ್ಜೆಗಳಷ್ಟೇ ಹೊರಬರುತ್ತವೆ. ಕೊಲೆಯ ರೋಮಾಂಚನ ದಕ್ಕದ ಪ್ರೇಕ್ಷಕರಿಗೆ ಉಳಿಯುವುದು ಅದರ ಭಾರವೊಂದೇ. ಕಥೆ 2017ರಲ್ಲಿ ಎಸ್. ನಾರಾಯಣ್ ಅವರ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೂ ಬಂದಿತು, ಮರಾಠಿಯಲ್ಲಿ ಎದ್ದ ಅಲೆ ಇಲ್ಲಿ ಏಳಲಿಲ್ಲ. ಗಡಿಸೀಮೆಗೆ ಅದು ದೂರದ ಕಥೆಯಲ್ಲ. ಆ ಜೋಡಿ ಓಡಿಹೋಗುವುದು ಹೈದರಾಬಾದಿಗೆ. ಸೊಲ್ಲಾಪುರದಿಂದ ಅಲ್ಲಿಗೆ ಸಾಗುವ ಹೆದ್ದಾರಿ ಉಮರ್ಗಾವನ್ನು ಹಾದೇ ಹೋಗುತ್ತದೆ. ಅದೇ ಚಿತ್ರದ ‘ಝಿಂಗಾಟ್’ ಹಾಡಿಗೆ, ಜಾತಿ ನೋಡಿ ಗೊತ್ತು ಮಾಡಿದ ಮದುವೆಗಳ ಮೆರವಣಿಗೆಯಲ್ಲೂ ಜನ ಕುಣಿಯುತ್ತಾರೆ.

ಆದ್ದರಿಂದ ಎಷ್ಟು ಮೈ ಕಂಡಿತು, ಎಷ್ಟು ನೆತ್ತರು ಹರಿಯಿತು ಎಂಬ ಲೆಕ್ಕ ವಿಮರ್ಶೆಗೆ ಸಾಲದು. ಕೊಲ್ಲುವವನ ಕಣ್ಣಿನಿಂದ ನೋಡಿಸಲಾಯಿತೋ, ಸಾಯುವವರ ಕಣ್ಣಿನಿಂದಲೋ. ಒಲಿದ ಹೆಣ್ಣಿಗೆ ಮಾತು ಸಿಕ್ಕಿತೋ ಇಲ್ಲವೋ ಎಂಬುದನ್ನು ಕೇಳಬೇಕು. ಕಲ್ಯಾಣದ ಕಥೆಯನ್ನು ಇಂದಿಗೂ ಹೇಳುತ್ತಿರುವ ಸೀಮೆಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಎಳೆಹೂಟೆಯನ್ನು ಬಣ್ಣಿಸುವಷ್ಟೇ ಸಲೀಸಾಗಿ ಶೀಲವಂತ, ಲಾವಣ್ಯರ ಒಲವನ್ನೂ ನುಡಿಯಲು ಬಂದಾಗ, ಮಗಳು ತನ್ನ ಮನಸ್ಸಿನ ಮಾತನ್ನು ಮನೆಯಲ್ಲಿ ಆಡಲು ಹೆದರಬೇಕಾಗುವುದಿಲ್ಲ.